ಒಡೆಯುವ ಮೊದಲೇ ಬಂದ ಗಾಜು

ವಾರ್ಷಿಕ ವೈಮಾನಿಕ ಪ್ರದರ್ಶನದ ಹೊಣೆ ಹೊತ್ತಿರುವ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ನನ್ನ ಮಗಳು ಮಲಗಿರುವ ಹೆರಿಗೆ ವಾರ್ಡಿನ ಕಿಟಕಿಗಳಿಗೆ ನಿಮ್ಮ ಕಚೇರಿಯವರು ಹೊಸ ಗಾಜು ತರಿಸಿಟ್ಟಿದ್ದಾರೆ. ಹಳೆಯ ಗಾಜು ಇನ್ನೂ ಒಡೆದಿಲ್ಲ. ಅದರಲ್ಲಿ ಒಂದು ಗೀರು ಕೂಡ ಇಲ್ಲ. ಹೋದ ವರ್ಷ ನಾನೇ ಕೂರಿಸಿದ ಗಾಜು ಅದು. ಅದು ಯಾವಾಗ ಒಡೆಯುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಮುಂದಿನ ವಾರ ಪ್ರದರ್ಶನದ ದಿನ, ನಿಮ್ಮ ಅತಿವೇಗದ ವಿಮಾನ ಊರಿನ ಮೇಲಿಂದ ಹಾದು ಅತಿಥಿಗಳ ಮುಂದೆ ಪ್ರತ್ಯಕ್ಷವಾಗುವ ಗಳಿಗೆಯಲ್ಲಿ. ಆ ಗಳಿಗೆಯಲ್ಲಿ ನನ್ನ ಮಗಳು ಆ ಕಿಟಕಿಯ ಕೆಳಗಿನ ಮಂಚದ ಮೇಲೆ ಇರುತ್ತಾಳೆ. ಕೂಸು ಅವಳ ಹೊಟ್ಟೆಯಲ್ಲಿರುತ್ತದೆ, ಇಲ್ಲವೇ ಪಕ್ಕದಲ್ಲಿರುತ್ತದೆ. ನನ್ನ ದೂರು ಇಷ್ಟೇ. ಇದರ ಮುಂದಿನದ್ದೆಲ್ಲ ಈ ದೂರು ಹೇಗೆ ಹುಟ್ಟಿತು ಎಂಬುದರ ವಿವರ.

ಕಚೇರಿಗೆ ಅರ್ಜಿ ಕೊಡುವುದನ್ನು ಬಿಟ್ಟು ಪತ್ರಿಕೆಗೆ ಬರೆದನಲ್ಲ ಎಂದು ತಾವು ಮುನಿಯಬಹುದು. ಕಚೇರಿಗೂ ಬಂದಿದ್ದೆ, ಆ ಕಥೆಯನ್ನು ಆಮೇಲೆ ಹೇಳುತ್ತೇನೆ. ಅದಲ್ಲದೆ ಹೋದ ತಿಂಗಳು ಇದೇ ಪತ್ರಿಕೆಯಲ್ಲಿ ನೀವೇ ಒಂದು ಪ್ರಕಟಣೆ ಕೊಟ್ಟಿದ್ದಿರಿ. ಪ್ರದರ್ಶನದ ಭವ್ಯ ಇತಿಹಾಸವನ್ನು ಪುಸ್ತಕರೂಪದಲ್ಲಿ ತರಲಾಗುತ್ತಿದೆ, ನಾಗರಿಕರು ತಮ್ಮ ಸವಿನೆನಪುಗಳನ್ನು ಹಂಚಿಕೊಳ್ಳಬೇಕು ಎಂದಿತ್ತು ಅದರಲ್ಲಿ. ಹಂಚಿಕೊಳ್ಳುತ್ತಿದ್ದೇನೆ. ಎಲ್ಲವೂ ಸವಿಯಾಗಿಲ್ಲದಿದ್ದರೆ ಅದು ನೆನಪಿನ ತಪ್ಪಲ್ಲ.

ನಾನು ಗಾಜಿನ ಅಂಗಡಿಯವನು. ನಿಮ್ಮ ಬೇಲಿಯಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರದ ಬೀದಿಯಲ್ಲಿ ಅಪ್ಪ ಇಟ್ಟ ಅಂಗಡಿ. ಅಪ್ಪನ ಕಟ್ಟರಿನಲ್ಲೇ ಇಂದಿಗೂ ಗಾಜು ಕೊಯ್ಯುತ್ತೇನೆ. ಈ ಊರಿನಲ್ಲಿ ನಿಮ್ಮ ಪ್ರದರ್ಶನವನ್ನು ದೂರುವ ಹಕ್ಕು ಎಲ್ಲರಿಗಿಂತ ಕಡಿಮೆ ಇರುವುದು ನನಗೇ. ಊರಿನ ಕಿಟಕಿ ಒಡೆದರೆ ನನ್ನ ಮನೆಯ ಒಲೆ ಉರಿಯುತ್ತದೆ. ತಂಗಿಯರ ಮದುವೆ, ಮನೆಯ ಮೇಲಂತಸ್ತು, ಹೆಂಡತಿಯ ಹೊಲಿಗೆ ಯಂತ್ರ ಎಲ್ಲವೂ ತಮ್ಮ ಕೃಪೆ. "ಗೋಡೆ ಮೇಲೊಂದು ವಿಮಾನದ ಪಟ ಹಾಕ್ಕೊಳ್ಳಿ, ದಿನಾ ಎದ್ದು ಕೈ ಮುಗೀರಿ" ಎಂದು ಪಕ್ಕದ ಬೈಂಡಿಂಗ್ ಅಂಗಡಿಯವರು ಹಂಗಿಸುತ್ತಾರೆ. ನಾನೂ ನಗುತ್ತೇನೆ, ಸುಳ್ಳಲ್ಲವಲ್ಲ.

ಇತಿಹಾಸ ಕೇಳಿದಿರಲ್ಲ, ಮೊದಲಿನಿಂದಲೇ ಶುರು ಮಾಡೋಣ. ಮೊದಲ ಪ್ರದರ್ಶನವನ್ನು ನಾನು ಅಪ್ಪನ ಹೆಗಲ ಮೇಲೆ ಕೂತು ನೋಡಿದವನು. ಆಗ ವೇದಿಕೆ ಇರಲಿಲ್ಲ, ಅತಿಥಿಗಳಿಗೆ ಶಾಮಿಯಾನ ಇರಲಿಲ್ಲ. ಹುಲ್ಲಿನ ಮೇಲೆ ಸುಣ್ಣದಲ್ಲಿ ಎಳೆದ ಒಂದು ಗೆರೆ; ಗೆರೆಯ ಈಚೆ ನಾವು, ಆಚೆ ಅವರು. ಮೂತಿಯಲ್ಲಿ ಫ್ಯಾನು ತಿರುಗುವ ಮೂರು ವಿಮಾನಗಳು ಬತ್ತಿದ ಹೊಳೆಯ ಕಡೆಯಿಂದ ಬಂದು, ಮೈದಾನದ ಮೇಲೆ ಒಂದು ಸುತ್ತು ಹಾಕಿ, ಮತ್ತೆ ಹೊಳೆಯ ಕಡೆಗೇ ಹೋದವು. ಎಷ್ಟು ನಿಧಾನ ಎಂದರೆ ಅವುಗಳಲ್ಲಿದ್ದ ಒಬ್ಬ ಪೈಲಟ್ ಕೈ ಬೀಸಿದ್ದು ನನಗೆ ಕಂಡಿತು, ನಾನೂ ಬೀಸಿದೆ. ಅಪ್ಪ ಮನೆಗೆ ಬರುವಾಗ, "ಒಳ್ಳೇ ಜನ ಕಣೋ. ಅಷ್ಟು ದೊಡ್ಡ ಸದ್ದು ಮಾಡಿದ್ರೂ ಒಂದು ಗಾಜೂ ಒಡೀಲಿಲ್ಲ. ನಮಗೇ ನಷ್ಟ" ಎಂದು ನಕ್ಕರು. ಮನೆಯಲ್ಲಿ ಮಾತ್ರ ನಗು ಇರಲಿಲ್ಲ. ನನ್ನ ಸೋದರತ್ತೆ ಮಂಚದ ಕೆಳಗೆ ಹೊಕ್ಕು ಕೂತಿದ್ದರು. ಹರೆಯದಲ್ಲಿ ಅವರು ಬೇರೊಂದು ಊರಿನಲ್ಲಿದ್ದರು. ಒಂದು ಯುದ್ಧದ ಕಾಲದಲ್ಲಿ ಆ ಊರಿನ ಮೇಲೆ ಆಕಾಶದಿಂದ ಬಿದ್ದದ್ದನ್ನು ಕಂಡು, ಉಟ್ಟ ಬಟ್ಟೆಯಲ್ಲಿ ನಮ್ಮ ಮನೆಗೆ ಬಂದವರು. "ಅತ್ತಿಗೆ, ಅದು ನಮ್ಮದೇ ವಿಮಾನ, ಆಟಕ್ಕೆ ಬಂದಿದ್ದು" ಎಂದು ಅಮ್ಮ ಬಗ್ಗಿ ಕರೆದರೆ, ಅತ್ತೆ ಕೆಳಗಿನಿಂದಲೇ ಕೇಳಿದರು: "ಅದಕ್ಕೆ ಗೊತ್ತಾ, ಆಟ ಅಂತ?" ನಾವು ಮಕ್ಕಳೆಲ್ಲ ಇದನ್ನು ಎಷ್ಟೋ ವರ್ಷ ಅಣಕ ಮಾಡಿಕೊಂಡು ನಕ್ಕಿದ್ದೇವೆ.

ಮುಂದೆ ಫ್ಯಾನಿನ ವಿಮಾನಗಳು ಹೋಗಿ ಜೆಟ್ಟುಗಳು ಬಂದವು. ಸದ್ದನ್ನೇ ಹಿಂದೆ ಹಾಕಿ ಓಡುವ ವಿಮಾನ ಎಂದು ಶಾಲೆಯಲ್ಲಿ ಮೇಷ್ಟ್ರು ಹೇಳಿದರು. ಅದು ಮೊದಲ ಸಲ ಬಂದಾಗ ಮೈದಾನದಲ್ಲಿ ಚಪ್ಪಾಳೆ, ನಮ್ಮ ಬೀದಿಯಲ್ಲಿ ಗಾಜಿನ ಮಳೆ. ಅಂದಿನಿಂದ ಅದಕ್ಕೆ ನಮ್ಮ ಬೀದಿಯವರಿಟ್ಟ ಹೆಸರು 'ಗುಡುಗು ಸುತ್ತು'. ಮಾನ್ಯರೇ, ಆ ಮರುದಿನ ನಡೆದದ್ದು ನಿಮ್ಮ ಪುಸ್ತಕದಲ್ಲಿ ಬರಲೇಬೇಕು, ಏಕೆಂದರೆ ಅದು ನಿಮ್ಮ ಇಲಾಖೆಗೆ ಶೋಭೆ ತರುವ ಸಂಗತಿ. ಈಗ ನೀವು ಕೂತಿರುವ ಕುರ್ಚಿಯಲ್ಲಿ ಅಂದು ಕೂತಿದ್ದ ಅಧಿಕಾರಿ ನಮ್ಮ ಬೀದಿಗೆ ನಡೆದು ಬಂದರು. ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು ಪ್ರತಿ ಮನೆಯ ಬಾಗಿಲಲ್ಲೂ ನಿಂತರು. ನಮ್ಮ ಅತ್ತೆಯ ಮುಂದೆ ನಿಂತು, "ಕ್ಷಮಿಸಿ ಅಮ್ಮಾ, ಹೀಗಾಗುತ್ತೆ ಅಂತ ನಮಗೆ ಗೊತ್ತಿರ್ಲಿಲ್ಲ" ಎಂದರು. ಅತ್ತೆ ಅವರ ಮುಖವನ್ನೇ ನೋಡಿ, "ಈಗ ಗೊತ್ತಾಯ್ತಲ್ಲಪ್ಪ" ಎಂದರು. ಅವರು ತಲೆ ತಗ್ಗಿಸಿ ಹೊರಟು ಹೋದರು.

ಮರುವರ್ಷವೂ ಗುಡುಗು ಸುತ್ತು ಇತ್ತು. ಗೊತ್ತಾದ ಮೇಲೆ ಮನುಷ್ಯ ಏನು ಮಾಡುತ್ತಾನೆ ಎಂಬುದಕ್ಕೆ ಇದೊಂದು ಪಾಠ. ಅತ್ತೆಗೆ ಈ ಪಾಠ ಮೊದಲೇ ಬಂದಿತ್ತೆಂದು ಕಾಣುತ್ತದೆ. ಪ್ರದರ್ಶನದ ಹಿಂದಿನ ದಿನ ಹಿಟ್ಟಿನ ಅಂಟು ಕಾಯಿಸಿ, ಹಳೆಯ ಪತ್ರಿಕೆಯನ್ನು ಉದ್ದುದ್ದ ಪಟ್ಟಿ ಹರಿದು, ಮನೆಯ ಪ್ರತಿ ಗಾಜಿಗೂ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಂಟಿಸಿದರು. ಯುದ್ಧದ ಊರಿನಲ್ಲಿ ಕಲಿತದ್ದಂತೆ. ಹೀಗೆ ಅಂಟಿಸಿದ ಗಾಜು ಒಡೆದರೂ ಚೂರುಗಳು ಹಾರುವುದಿಲ್ಲ, ಕಾಗದಕ್ಕೆ ಕಚ್ಚಿಕೊಂಡು ಜೋತು ಬೀಳುತ್ತವೆ. ಮೊದಲು ಬೀದಿಯವರು ನಕ್ಕರು, ಆಮೇಲೆ ಅಂಟು ಕೇಳಲು ಬಟ್ಟಲು ಹಿಡಿದು ಬಂದರು. ಕೆಲವೇ ವರ್ಷಗಳಲ್ಲಿ ಅದು ಊರಿಡೀ ಹಬ್ಬಿತು. ಮಕ್ಕಳು ಪಟ್ಟಿಗಳಿಗೆ ಬಣ್ಣ ಬಳಿದರು, ನಕ್ಷತ್ರ ಕತ್ತರಿಸಿದರು. ನೆನಪಿದೆಯೋ ಇಲ್ಲವೋ, ಒಂದು ವರ್ಷ ತಮ್ಮ ಕಚೇರಿಯೇ 'ಅತ್ಯಂತ ಸುಂದರ ಕಿಟಕಿ' ಎಂದು ಬಹುಮಾನ ಕೊಟ್ಟಿತು. ಗೆದ್ದದ್ದು ನಮ್ಮ ಬೀದಿಯ ಇಸ್ತ್ರಿ ಅಂಗಡಿಯಾಕೆ. ಆ ಬಹುಮಾನದ ಗೋಡೆ ಗಡಿಯಾರ ಅವಳ ಅಂಗಡಿಯಲ್ಲಿ ಈಗಲೂ ಇದೆ. ಅದರ ಗಾಜು ಮುಂದಿನ ವರ್ಷದ ಗುಡುಗು ಸುತ್ತಿನಲ್ಲಿ ಒಡೆದುಹೋಯಿತು.

ನನ್ನ ಮತ್ತು ನಿಮ್ಮ ಇಲಾಖೆಯ ನಂಟು ಬೆಳೆದದ್ದೂ ಆಗಲೇ. ಪ್ರದರ್ಶನ ಮುಗಿದ ಮರುದಿನ ನಿಮ್ಮ ಉಗ್ರಾಣದ ಸಾಹೇಬರು ಜೀಪಿನಲ್ಲಿ ಒಂದು ಹೊರೆ ಅಳತೆ ಕಡ್ಡಿ ತಂದು ಅಂಗಡಿಯ ಮುಂದೆ ಇಳಿಸುತ್ತಿದ್ದರು. ನಮ್ಮ ಕಸುಬಿನಲ್ಲಿ ಅಂಕಿಗಿಂತ ಕಡ್ಡಿಯನ್ನೇ ನಂಬುತ್ತೇವೆ. ಒಡೆದ ಕಿಟಕಿಯ ಚೌಕಟ್ಟಿಗೆ ತೆಳ್ಳನೆಯ ಮರದ ರೀಪು ಹಿಡಿದು, ಉದ್ದಕ್ಕೊಂದು ಅಗಲಕ್ಕೊಂದು ಕತ್ತರಿಸಿ, ಎರಡನ್ನೂ ದಾರದಲ್ಲಿ ಕಟ್ಟಿ ಕೊಟ್ಟರೆ ಆಯಿತು. ಓದಲು ಬಾರದವನೂ ತಪ್ಪಿಲ್ಲದೆ ಗಾಜು ಕೊಯ್ಯಬಹುದು. ಸಾಹೇಬರು ಬಂದರೆಂದರೆ ಬೀದಿಯ ಹುಡುಗರು "ಅಳತೆ ಸಾಹೇಬ್ರು ಬಂದ್ರು" ಎಂದು ಕೂಗುವರು. ಒಂದು ವರ್ಷ ಅವರು ಪ್ರದರ್ಶನದ ಹಿಂದಿನ ದಿನವೇ ಬಂದರು. "ಏನ್ ಸಾರ್, ಇನ್ನೂ ಒಡೆದೇ ಇಲ್ವಲ್ಲ" ಎಂದು ಅಪ್ಪ ಕೇಳಿದರೆ, "ಹೇಗಿದ್ರೂ ಒಡೆಯೋವೇ ಅಲ್ವಾ, ಮೊದಲೇ ಕೊಯ್ದಿಟ್ಟಿದ್ರೆ ನಿಮಗೂ ಅನುಕೂಲ ನಮಗೂ ಅನುಕೂಲ" ಎಂದರು. ಅದರ ಮುಂದಿನ ವರ್ಷ ಒಂದು ವಾರ ಮೊದಲು ಬಂದರು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂದು ಗಾದೆಯಲ್ಲಿ ಬೈಯುತ್ತಾರಲ್ಲ, ನಿಮ್ಮ ಇಲಾಖೆಯನ್ನು ಹಾಗೆ ಬೈಯಲಾಗದು. ನೀವು ಬಾವಿಯನ್ನು ಮೊದಲೇ ತೋಡಿ, ನೀರು ಬಂತೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಬೆಂಕಿ ಇಡುವವರು.

ಈಗ ನಿಮ್ಮ ಪುಸ್ತಕದಲ್ಲಿ ಇಲ್ಲದ ವರ್ಷಕ್ಕೆ ಬರುತ್ತೇನೆ. ಇಲ್ಲದ ಎಂದರೆ ತಪ್ಪಾದೀತು, ಇದೆ. ಪುರಭವನದಲ್ಲಿ ಪುಸ್ತಕದ ಮಾದರಿ ಪುಟಗಳನ್ನು ತೂಗು ಹಾಕಿದ್ದೀರಿ, ನೋಡಿ ಬಂದೆ. ಆ ವರ್ಷದ ಪುಟದಲ್ಲಿ ಒಂದೇ ಸಾಲು: 'ಪ್ರತಿಕೂಲ ಹವಾಮಾನದ ಕಾರಣ ಪ್ರದರ್ಶನವನ್ನು ಮೊಟಕುಗೊಳಿಸಲಾಯಿತು.' ನಾನು ಆ ದಿನ ಮೈದಾನದಲ್ಲಿದ್ದೆ. ಆಕಾಶ ಒರೆಸಿದ ಗಾಜಿನ ಹಾಗಿತ್ತು, ಒಂದು ಮೋಡದ ತುಣುಕೂ ಇರಲಿಲ್ಲ. ಅಂದು ಧ್ವನಿವರ್ಧಕದಲ್ಲಿ ವಿವರಣೆ ಕೊಡುತ್ತಿದ್ದವರಿಗೆ ಊರಿನಲ್ಲಿ ಜೇನುಗಂಟಲು ಎಂದೇ ಹೆಸರು. ಅವರ ಮಾತು ಕೇಳಲಿಕ್ಕೆಂದೇ ಬರುವವರಿದ್ದರು. ನಾಲ್ಕು ವಿಮಾನಗಳು ರೆಕ್ಕೆಗೆ ರೆಕ್ಕೆ ಹಚ್ಚಿದಂತೆ ಬಂದು ಆಕಾಶದಲ್ಲಿ ಬಿರಿದುಕೊಂಡವು. ಆಗ ಜೇನುಗಂಟಲು ಅದೇ ಇಂಪಿನಲ್ಲಿ, ಒಂದು ಉಸಿರೂ ತಪ್ಪದೆ, "ಮಹಿಳೆಯರೇ, ಮಹನೀಯರೇ, ಈಗ ಎಲ್ಲರೂ ದಯವಿಟ್ಟು ಬಲಗಡೆ ನೋಡಿ" ಎಂದರು. ನಾವೆಲ್ಲ ಬಲಗಡೆ ನೋಡಿದೆವು. ಬಲಗಡೆ ಏನೂ ಇರಲಿಲ್ಲ. ಪಕ್ಕದಲ್ಲಿ ಕೂತಿದ್ದ ನನ್ನ ಅಮ್ಮ ಒಬ್ಬಳೇ ಎದ್ದು ನಿಂತು ಎಡಗಡೆ ನೋಡುತ್ತಿದ್ದಳು. "ಏನಮ್ಮಾ?" ಎಂದೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ನಾನು ತಿರುಗುವ ಹೊತ್ತಿಗೆ ಕಲ್ಲುಗಣಿಯ ಹಿಂದೆ ಕಪ್ಪು ಹೊಗೆ ಏಳುತ್ತಿತ್ತು, ಆಕಾಶದಲ್ಲಿ ಮೂರೇ ವಿಮಾನ ಉಳಿದಿದ್ದವು. ಜೇನುಗಂಟಲು ಇನ್ನೂ ಬಲಗಡೆಯ ಆಕಾಶವನ್ನೇ ವರ್ಣಿಸುತ್ತಿದ್ದರು.

ಆ ನಾಲ್ಕನೆಯ ವಿಮಾನದಲ್ಲಿದ್ದ ಹುಡುಗ ನನ್ನ ಗಿರಾಕಿ. ಪ್ರದರ್ಶನಕ್ಕೆ ಮೊದಲು ಅಂಗಡಿಗೆ ಬಂದು, ಬಾಡಿಗೆ ಕೋಣೆಗೆ ಒಂದು ಕನ್ನಡಿ ಬೇಕೆಂದು ಹೇಳಿ ಹೋಗಿದ್ದ. "ಸ್ವಲ್ಪ ದಪ್ಪ ಕಾಣೋ ಅಂಥ ಕನ್ನಡಿ ಇದ್ಯಾ ಅಣ್ಣಾ? ಅಮ್ಮ ಬರ್ತಿದಾರೆ, ಸೊರಗಿದೀಯ ಅಂತ ಬೈತಾರೆ" ಎಂದು ನಗಿಸಿದ್ದ. ಪ್ರದರ್ಶನ ಮುಗಿಸಿಕೊಂಡು ಬಂದು ಒಯ್ಯುತ್ತೇನೆ ಎಂದಿದ್ದ. ಆ ಕನ್ನಡಿ ನನ್ನ ಅಂಗಡಿಯಲ್ಲೇ ತೂಗುತ್ತಿದೆ. ಬಂದ ಗಿರಾಕಿಗಳು ಅದರಲ್ಲಿ ತಲೆ ಬಾಚಿಕೊಳ್ಳುತ್ತಾರೆ, ಎಷ್ಟಕ್ಕೆ ಕೊಡ್ತೀರಿ ಎಂದು ಕೇಳುತ್ತಾರೆ. ನಾನು ಮಾರುವುದಿಲ್ಲ. ನನ್ನನ್ನು ದೇಶದ ವಿರೋಧಿ, ವಾಯುಪಡೆಯ ವೈರಿ ಎಂದು ಕರೆಯಲು ಯಾರಾದರೂ ಈಗಾಗಲೇ ನಾಲಿಗೆ ಸವರಿಕೊಳ್ಳುತ್ತಿದ್ದರೆ ಮೊದಲು ಬಂದು ಆ ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲಿ. ಹಾರುವ ಹುಡುಗರ ಮೇಲೆ ನನಗೆ ಮುನಿಸಿಲ್ಲ. ಅವನ ಸಾವನ್ನು ಹವಾಮಾನ ಎಂದು ಬರೆದ ಕೈಯ ಮೇಲೆ ಇದೆ. ಅವನ ತಾಯಿ ಬದುಕಿದ್ದರೆ, ನಿಮ್ಮ ಪುಸ್ತಕ ಅವರ ಕೈಗೆ ಸಿಕ್ಕರೆ, ಆ ಸಾಲನ್ನು ಅವರು ಹೇಗೆ ಓದಬೇಕು?

ಅಷ್ಟಾದರೂ ಆಗೆಲ್ಲ ವಿಮಾನಗಳು ಹೊಳೆಯ ಕಡೆಯಿಂದಲೇ ಬರುತ್ತಿದ್ದವು. ಕೆಳಗೆ ಮರಳು, ಬಂಡೆ, ಮುಳ್ಳುಪೊದೆ. ಬಿದ್ದರೆ ಬೀಳುವುದಕ್ಕೊಂದು ಜಾಗವಿತ್ತು. ಆಮೇಲೆ ಪ್ರದರ್ಶನಕ್ಕೆ ಬೇರೆ ಬಗೆಯ ಅತಿಥಿಗಳು ಬರತೊಡಗಿದರು. ನಮ್ಮಂತೆ ಬಾಯಿ ತೆರೆದು ನೋಡುವವರಲ್ಲ ಅವರು, ಕಣ್ಣು ಕಿರಿದು ಮಾಡಿ ನೋಡುವವರು. ವಿಮಾನ ಕೊಳ್ಳುವವರು ಮತ್ತು ಮಾರುವವರು. ಅವರಿಗಾಗಿ ತಂಪು ಯಂತ್ರದ ವೇದಿಕೆ ಬಂತು. ವೇದಿಕೆ ಕಟ್ಟಿದ ಮೇಲೆ ಮಧ್ಯಾಹ್ನದ ಬಿಸಿಲು ಅತಿಥಿಗಳ ಕಣ್ಣಿಗೆ ಹೊಡೆಯುತ್ತದೆ ಎಂದು ಕಂಡುಬಂತು. ಬಿಸಿಲನ್ನು ತಿರುಗಿಸಲಾಗದು, ಕಟ್ಟಿದ ವೇದಿಕೆಯನ್ನು ಕೆಡವಲು ಮನಸ್ಸಿಲ್ಲ. ಹಾಗಾಗಿ ವಿಮಾನಗಳ ದಾರಿಯನ್ನೇ ತಿರುಗಿಸಿದಿರಿ. ಬೆನ್ನ ಹಿಂದಿನಿಂದ, ಊರಿನ ಮೇಲಿಂದ ಬಂದು ಅತಿಥಿಗಳ ತಲೆಯ ಮೇಲೆ ಹಾದು ಮುಂದೆ ಹೋದರೆ ಯಾರ ಕಣ್ಣಿಗೂ ಬಿಸಿಲು ಬಡಿಯುವುದಿಲ್ಲವಲ್ಲ! ಒಂದು ತಂಪು ಕನ್ನಡಕ ತೀರಿಸಬಹುದಾಗಿದ್ದ ಸಮಸ್ಯೆಗೆ ಇಡೀ ಊರನ್ನು ವಿಮಾನದ ಕೆಳಗೆ ಒಡ್ಡಿದ ಜಾಣತನ ಯಾರದ್ದು ಎಂದು ನಿಮ್ಮ ಪುಸ್ತಕ ಹೇಳುತ್ತದೆಯೇ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಇಲ್ಲಿ ಬೆಕ್ಕಿಗೂ ಆಟವಲ್ಲ, ವ್ಯಾಪಾರ.

ಆ ಹೊಸ ದಾರಿಯ ಕೆಳಗೇ, ಹೋದ ವರ್ಷದ ಪ್ರದರ್ಶನ ಮುಗಿದ ಮೇಲೆ, ಆಸ್ಪತ್ರೆಯ ಹೆರಿಗೆ ವಿಭಾಗ ಎದ್ದಿತು. ಮೈದಾನದಲ್ಲಿ ಕೂತವರಿಗೆ ಎಡಗಡೆ ತುಸು ಹಿಂದೆ ಕಾಣುವ ಬಿಳಿ ಕಟ್ಟಡ ಅದೇ. ಬೆಳಕು ಚೆನ್ನಾಗಿ ಬರಲಿ ಎಂದು ಎದೆಯೆತ್ತರದಿಂದ ಸೂರಿನವರೆಗೂ ಕಿಟಕಿ ಇಟ್ಟರು. ಗಾಜು ಕೂರಿಸುವ ಕೆಲಸ ನನಗೇ ಸಿಕ್ಕಿತು. ಅಂಥ ದೊಡ್ಡ ಹಾಳೆಗಳನ್ನು ನಾನು ಅದಕ್ಕೆ ಮೊದಲು ಕೊಯ್ದಿರಲಿಲ್ಲ. ಕೆಲಸ ಮುಗಿದ ಮೇಲೆ ಅಲ್ಲಿಯ ಉದ್ದದ ಅಳತೆ ಕಡ್ಡಿಯನ್ನು ಮನೆಗೆ ತಂದೆ. ಹೆಂಡತಿ ಅದರ ತುದಿಗೆ ಒಂದು ಕೊಕ್ಕೆ ಬಡಿದು, ಮಹಡಿಯ ಮೇಲೆ ಎತ್ತರದ ತಂತಿಯಿಂದ ಬಟ್ಟೆ ತೆಗೆಯಲು ಇಟ್ಟುಕೊಂಡಳು.

ನನ್ನ ಮಗಳ ವಿಷಯ ಹೇಳುತ್ತೇನೆ. ಬಸ್ಸಿನಲ್ಲಿ ಕಂಡಕ್ಟರ್ ಅವಳು. ನಿಮ್ಮ ಜೇನುಗಂಟಲಿಗೆ ಧ್ವನಿವರ್ಧಕ ಬೇಕು, ಅವಳಿಗೆ ಬೇಡ. ಹಿಂದೊಮ್ಮೆ ಅವಳಿಗೆ ಕೂಸು ನಿಲ್ಲಲಿಲ್ಲ. ಆ ಮೇಲೆ ಒಂದು ವರ್ಷ ಅವಳ ದನಿಯನ್ನು ಯಾರೂ ಕೇಳಲಿಲ್ಲ, ಟಿಕೆಟ್ಟನ್ನೂ ಮೌನವಾಗಿ ಹರಿದು ಕೊಡುತ್ತಿದ್ದಳಂತೆ. ಈ ಸಲ ರಕ್ತದೊತ್ತಡ ಏರಿದೆ. ಡಾಕ್ಟರಮ್ಮ ಆಸ್ಪತ್ರೆಗೆ ಸೇರಿಸಿಕೊಂಡು, ಹೆರಿಗೆಯವರೆಗೂ ಮಂಚ ಬಿಟ್ಟು ಏಳಕೂಡದು, ಗಾಬರಿಯಾಗುವಂಥದ್ದು ಏನೂ ಆಗಕೂಡದು ಎಂದಿದ್ದಾರೆ. ಕೊಟ್ಟ ಮಂಚ ಮೂರನೆಯ ಕಿಟಕಿಯ ಕೆಳಗಿನದು. ನನಗೂ ಆಗ ಸಂತೋಷವೇ ಆಯಿತು, ಬೆಳಕಿದೆ, ಗಾಳಿಯಿದೆ ಎಂದು. ಅವಳು ಅಲ್ಲೂ ಸುಮ್ಮನಿರುವವಳಲ್ಲ. ನೋಡಲು ಬಂದವರಿಗೆ, "ಬಾಗಿಲಲ್ಲಿ ನಿಲ್ಬೇಡಿ, ಒಳಗೆ ಜಾಗ ಇದೆ, ಮುಂದೆ ಹೋಗಿ ಮುಂದೆ ಹೋಗಿ" ಎಂದು ಮಲಗಿದಲ್ಲಿಂದಲೇ ಕೂಗಿ ಇಡೀ ವಾರ್ಡನ್ನು ನಗಿಸುತ್ತಾಳೆ.

ಇದಾದ ಕೆಲವು ದಿನಕ್ಕೆ ನಿಮ್ಮ ಸುತ್ತೋಲೆ ಬಂತು. ಅತಿಥಿಗಳು ಹಾದು ಹೋಗುವ ರಸ್ತೆಯ ಕಟ್ಟಡಗಳ ಕಿಟಕಿಗಳಿಗೆ ಕಾಗದದ ಪಟ್ಟಿ ಅಂಟಿಸಬಾರದು, ಪರದೆ ಇತ್ಯಾದಿ ತೂಗು ಹಾಕಬಾರದು. ಇದರಿಂದ ಭಯದ ವಾತಾವರಣ ಇದೆಯೆಂಬ ತಪ್ಪು ಅಭಿಪ್ರಾಯ ಮೂಡುತ್ತದೆ. ಬಹುಮಾನ ಕೊಟ್ಟ ಕಚೇರಿಯೇ ಹೀಗೆ ಬರೆದದ್ದು! ಆಸ್ಪತ್ರೆ ಆ ರಸ್ತೆಯಲ್ಲೇ ಇದೆ. ಅದರ ಹಿಂದೆಯೇ ಅಳತೆ ಸಾಹೇಬರು ಕಡ್ಡಿಗಳ ಹೊರೆಯೊಂದಿಗೆ ಬಂದರು. ಈ ಸಲ ಹೊರೆಯಲ್ಲಿ ಒಂದು ಜೋಡಿ ಬಹಳ ಉದ್ದವಿತ್ತು, ಅಂಥವೇ ಆರು ಹಾಳೆ ಬೇಕೆಂದರು. "ಇದು ಎಲ್ಲಿಯದು ಸಾರ್?" ಎಂದೆ. "ಎಲ್ಲಿಯದಾದ್ರೇನು, ಕೊಯ್ದಿಡಿ. ಆವತ್ತು ಸಾಯಂಕಾಲದೊಳಗೆ ಕೂರಿಸಿಬಿಡ್ಬೇಕು. ಅತಿಥಿಗಳು ಊಟಕ್ಕೆ ಆ ದಾರೀಲೇ ವಾಪಸ್ ಬರೋದು, ಒಡೆದ ಕಿಟಕಿ ಕಾಣಬಾರದು" ಎಂದು ಹೇಳಿ ಜೀಪು ಹತ್ತಿದರು. ನಾನು ಕಡ್ಡಿಗಳನ್ನು ಗೋಡೆಗೆ ಒರಗಿಸಿಟ್ಟೆ. ಯಾವುದೋ ಹೊಸ ಹೋಟೆಲಿರಬೇಕು ಎಂದುಕೊಂಡೆ.

ಹೆಂಡತಿ ಒಣಗಿದ ಬಟ್ಟೆ ಹೊತ್ತುಕೊಂಡು ಮಹಡಿಯಿಂದ ಇಳಿದು ಬಂದಳು. ಕೈಯಲ್ಲಿದ್ದ ಕೊಕ್ಕೆಯ ಕಡ್ಡಿಯನ್ನು ಎಂದಿನಂತೆ ಗೋಡೆಗೆ ಒರಗಿಸಲು ಹೋಗಿ, ನಿಂತುಬಿಟ್ಟಳು. ಹೊಸ ಉದ್ದ ಕಡ್ಡಿ, ಅವಳ ಹಳೆಯ ಕಡ್ಡಿ ಅಕ್ಕಪಕ್ಕ ನಿಂತಿದ್ದವು, ಒಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ.

"ರೀ, ಇದು ಹೆರಿಗೆ ವಾರ್ಡಿನ ಕಿಟಕಿದಲ್ವಾ?" ಎಂದಳು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ಕನ್ನಡಿ ಮಾರುವವನಿಗೇ ಅಂಗೈ ತೋರಿಸಲು ಹೆಂಡತಿ ಬರಬೇಕಾಯಿತು. ಅವಳು ಕಡ್ಡಿಯನ್ನು ಮುಟ್ಟಲಿಲ್ಲ, ಬಟ್ಟೆಯ ರಾಶಿಯನ್ನು ಎದೆಗೆ ಅಪ್ಪಿಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಅಂದೇ ಆಸ್ಪತ್ರೆಗೆ ಓಡಿದೆ. ಮಂಚಗಳನ್ನು ಆಚೆ ಗೋಡೆಗೆ ಸರಿಸಿ ಎಂದು ವಾರ್ಡಿನ ನರ್ಸಮ್ಮನನ್ನು ಕೇಳಿದೆ. "ಆಕ್ಸಿಜನ್ ಕೊಳವೆ, ಕರೆಗಂಟೆ, ಪ್ಲಗ್ಗು ಎಲ್ಲಾ ಈ ಗೋಡೇಲೇ ಇರೋದು ಅಣ್ಣಾ, ಬೇರೆ ವಾರ್ಡಲ್ಲೂ ಜಾಗ ಖಾಲಿ ಇಲ್ಲ, ಎಲ್ಲಿಗೆ ಸರಿಸಲಿ? ಪಟ್ಟಿ ಅಂಟಿಸೋಣ ಅಂದ್ರೆ ಆರ್ಡರ್ ಬಂದಿದೆ" ಎಂದು ಅವರೂ ಕಣ್ಣು ತಗ್ಗಿಸಿದರು. ನನ್ನ ಅಳಿಯ ಲಾರಿ ಓಡಿಸುತ್ತಾನೆ. "ಹಾಸಿಗೆ ಹಾಕ್ಕೊಂಡು ಲಾರೀಲೇ ಬೇರೆ ಊರಿಗೆ ಕರ್ಕೊಂಡ್ ಹೋಗ್ತೀನಿ ಮಾವ" ಎಂದ. ಡಾಕ್ಟರಮ್ಮ ಅವನನ್ನು ನೋಡಿದ ನೋಟಕ್ಕೆ ಅವನು ಮತ್ತೆ ಆ ಮಾತೆತ್ತಲಿಲ್ಲ. ಅವಳನ್ನು ಅಲುಗಾಡಿಸುವಂತಿಲ್ಲ. ಕಿಟಕಿಗೆ ಏನೂ ಕಟ್ಟುವಂತಿಲ್ಲ. ಇನ್ನು ಅಲುಗಾಡಿಸಬಹುದಾದದ್ದು ನಿಮ್ಮ ವಿಮಾನ ಒಂದೇ.

ಆಗ ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ನಿಮ್ಮ ಸಹಾಯಕರು ಕೂರಿಸಿದರು, ಚಹಾ ಕೊಡಿಸಿದರು. ಅವರ ಮೇಜಿನ ಮೇಲೆ ಗಾಜಿನಲ್ಲಿ ಮಾಡಿದ ಪುಟ್ಟ ವಿಮಾನವೊಂದಿತ್ತು, ಅದರ ಕೆಳಗೆ ಸುತ್ತ ಹತ್ತಿ ಇಟ್ಟಿದ್ದರು. ಅವರ ನನ್ನ ಮಾತು ಹೀಗೆ ನಡೆಯಿತು.

"ಅದು ಮುನ್ನೆಚ್ಚರಿಕೆ ಕ್ರಮ ಅಷ್ಟೇ. ಒಡೆಯುತ್ತೆ ಅಂತ ಯಾರು ಹೇಳಿದ್ರು ನಿಮಗೆ?"

"ಒಡೆಯಲ್ಲ ಅಂದ್ರೆ ಗಾಜು ಯಾಕೆ ಸಾರ್?"

"ಅಕಸ್ಮಾತ್ ಒಡೆದ್ರೆ ಇರ್ಲಿ ಅಂತ."

"ಒಡೆದೀತು ಅಂತ ಅನುಮಾನ ಇದ್ರೆ ಮೊದಲು ಕೆಳಗಿರೋರ್ನ ಸರಿಸ್ಬೇಕಲ್ವಾ? ಗಾಜು ತರಿಸೋದಾ?"

"ಮಂಚದ ವಿಷಯ ಆಸ್ಪತ್ರೆಯೋರದ್ದು. ನಮ್ಮ ಇಲಾಖೆಗೆ ಬರಲ್ಲ."

"ಗಾಜು ಬರುತ್ತಾ?"

"ನೋಡಿ, ನೀವು ಗಾಜಿನೋರು. ಇದ್ರಲ್ಲಿ ನಿಮಗೆ ಲಾಭಾನೇ ತಾನೇ?" ಎಂದು ನಕ್ಕು, ಅತಿಥಿಗಳ ಆವರಣದ ಎರಡು ಪಾಸು ತೆಗೆದು ನನ್ನ ಮುಂದೆ ಇಟ್ಟರು. "ಮನೆಯೋರ್ನೂ ಕರ್ಕೊಂಡ್ ಬನ್ನಿ. ಈ ಸಲ ಸುತ್ತು ತುಂಬ ಕೆಳಗಿಂದ ಇದೆ, ಚೆನ್ನಾಗಿರುತ್ತೆ."

ತುಂಬ ಕೆಳಗಿಂದ! ಆ ಮನುಷ್ಯ ಕೆಟ್ಟವರಲ್ಲ ಮಾನ್ಯರೇ, ನನಗೆ ಭಯವಾದದ್ದೇ ಅದಕ್ಕೆ. ಚಹಾಕ್ಕೆ ಸಕ್ಕರೆ ಸಾಕೇ ಎಂದು ಎರಡು ಸಲ ಕೇಳಿದರು. ಹೆರಿಗೆ ವಾರ್ಡಿನ ಗಾಜು ಒಡೆಯುತ್ತದೆ ಎಂಬುದು ಅವರಿಗೆ ಸಾಯಂಕಾಲ ಕತ್ತಲಾಗುತ್ತದೆ ಎಂಬಷ್ಟೇ ಸಹಜವಾದ ಸಂಗತಿ. ಯಾರೂ ಕೇಡು ಬಯಸಿಲ್ಲ. ಯಾರೋ ಬಿಸಿಲಿನ ಚಿಂತೆ ಮಾಡಿದರು, ಯಾರೋ ಅತಿಥಿಗಳ ಕಣ್ಣಿಗೆ ಏನು ಬೀಳಬಾರದೆಂದು ಚಿಂತೆ ಮಾಡಿದರು, ಯಾರೋ ಚೌಕಟ್ಟಿಗೆ ಕಡ್ಡಿ ಹಿಡಿದು ಅಳೆದರು. ಅಳೆಯಲು ಒಳಗೆ ಹೋದವನಿಗೆ ಕೆಳಗಿನ ಮಂಚಗಳು ಕಾಣಲಿಲ್ಲವೇ? ಕಂಡಿರಲೇಬೇಕು. ಮಂಚ ಹತ್ತಿ ನಿಲ್ಲದೆ ಆ ಕಿಟಕಿಯ ಮೇಲ್ತುದಿ ಕೈಗೆ ಎಟುಕುವುದಿಲ್ಲ.

ಆ ಹಾಳೆಗಳನ್ನು ನಾನು ಕೊಯ್ಯಲಿಲ್ಲ. ಕಡ್ಡಿಗಳನ್ನು ಹಿಂದಕ್ಕೆ ಕೊಟ್ಟು ಕಳಿಸಿದೆ. ಇದರಿಂದ ಏನೋ ನಿಂತೀತು ಎಂದು ಮೂರ್ಖನಂತೆ ನಂಬಿದ್ದೆ. ನಿಂತದ್ದು ನನ್ನ ವ್ಯಾಪಾರ ಮಾತ್ರ. ಕಡ್ಡಿ ಬೇರೆ ಊರಿನ ಅಂಗಡಿಗೆ ಹೋಯಿತು. ಮೊನ್ನೆ ಆರು ಹಾಳೆ ಗಾಜು, ಹುಲ್ಲು ಸುತ್ತಿ ಗೋಣಿ ಹೊದಿಸಿಕೊಂಡು, ಹೆರಿಗೆ ವಾರ್ಡಿನ ಬಾಗಿಲ ಪಕ್ಕದ ಪಡಸಾಲೆಗೇ ಬಂದು ನಿಂತಿದೆ. ಸಾಯಂಕಾಲದೊಳಗೆ ಕೂರಿಸಬೇಕಲ್ಲ, ಹತ್ತಿರವೇ ಇರಲಿ ಎಂದು.

ನಿನ್ನೆ ಮ‌ಗಳನ್ನು ಗಾಲಿ ಮಂಚದಲ್ಲಿ ಸ್ಕ್ಯಾನಿಂಗ್‌ಗೆ ಒಯ್ಯುವಾಗ ಅವಳು ಅದನ್ನು ನೋಡಿದಳು. ಗಾಜಿನವನ ಮಗಳು, ಗೋಣಿ ಹೊದಿಸಿದರೂ ಗುರುತು ಸಿಗದೆ ಇರುತ್ತದೆಯೇ? ಚಿಕ್ಕವಳಿದ್ದಾಗ ಅಂಥ ಹುಲ್ಲಿನ ರಾಶಿಯಲ್ಲೇ ಆಡಿ ಬೆಳೆದವಳು. ಮಂಚಕ್ಕೆ ಮರಳಿದ ಮೇಲೆ ನನ್ನ ಕೈ ಹಿಡಿದು ಕೇಳಿದಳು, ಇಡೀ ಬಸ್ಸಿಗೆ ಕೇಳಿಸುವ ಆ ದನಿಯಲ್ಲಲ್ಲ, ಪಿಸುದನಿಯಲ್ಲಿ.

"ಅಪ್ಪಾ, ಹೊರಗಡೆ ಗಾಜು ಯಾಕೆ ಬಂದಿದೆ? ಇಲ್ಲಿ ಯಾವ್ದೂ ಒಡೆದಿಲ್ವಲ್ಲ?"

ಅವಳಿಗೆ ಗಾಬರಿಯಾಗಕೂಡದು ಎಂದಿದ್ದಾರೆ ಡಾಕ್ಟರಮ್ಮ. "ಬೇರೆ ವಾರ್ಡಿಗಂತೆ ಕಣಮ್ಮ" ಎಂದೆ. ಅವಳು ತಲೆಯೆತ್ತಿ ಮೇಲಿನ ಕಿಟಕಿಯನ್ನು ಒಂದು ಸಲ ನೋಡಿದಳು. ಮತ್ತೆ ನನ್ನನ್ನು ನೋಡಿದಳು. ಆಮೇಲೆ ಗೋಡೆಯ ಕಡೆ ಹೊರಳಿ, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಮಲಗಿದಳು. ಅಲ್ಲಿಂದೀಚೆಗೆ ಬಂದವರಿಗೆ ಅವಳು ಮುಂದೆ ಹೋಗಿ ಎಂದು ಕೂಗುತ್ತಿಲ್ಲ.

ಮಾನ್ಯರೇ, ನನಗೆ ಪರಿಹಾರ ಬೇಡ, ಕ್ಷಮೆ ಬೇಡ. ಪಾಸುಗಳನ್ನು ಈ ಪತ್ರದ ಒಂದು ಪ್ರತಿಯ ಜೊತೆ ನಿಮ್ಮ ಕಚೇರಿಗೆ ಮರಳಿಸಿದ್ದೇನೆ. ಪ್ರದರ್ಶನ ನಿಲ್ಲಿಸಿ ಎಂದೂ ನಾನು ಕೇಳುತ್ತಿಲ್ಲ. ವಿಮಾನಗಳನ್ನು ಮೊದಲಿನಂತೆ ಹೊಳೆಯ ಕಡೆಯಿಂದ ತನ್ನಿ. ಅತಿಥಿಗಳಿಗೆ ತಂಪು ಕನ್ನಡಕ ಕೊಡಿಸಿ. ಇಲಾಖೆಯಲ್ಲಿ ಅನುದಾನವಿಲ್ಲದಿದ್ದರೆ ನಮ್ಮ ಬೀದಿಯವರು ಕೈಯಿಂದ ಹಾಕಿ ಕೊಡಿಸುತ್ತೇವೆ. ಪಡಸಾಲೆಯ ಆ ಗಾಜನ್ನು ಇಂದೇ ಅಲ್ಲಿಂದ ತೆಗೆಸಿ. ಇದಾವುದೂ ಆಗುವುದಿಲ್ಲವೆಂದಾದರೆ ಇನ್ನೊಂದು ದಾರಿಯಿದೆ. ಪ್ರದರ್ಶನದ ದಿನ ತಾವು ವೇದಿಕೆಗೆ ಹೋಗಬೇಡಿ, ವಾರ್ಡಿಗೆ ಬನ್ನಿ. ಮೂರನೆಯ ಕಿಟಕಿಯ ಕೆಳಗೆ ನಿಮಗೊಂದು ಕುರ್ಚಿ ಹಾಕಿರುತ್ತೇನೆ. ನನ್ನ ಮಗಳು ಕೇಳಿದ್ದಕ್ಕೆ ಉತ್ತರವನ್ನು ನೀವೇ ಅವಳಿಗೆ ಹೇಳಿ, ನನ್ನಿಂದ ಇನ್ನೊಂದು ಸಲ ಸುಳ್ಳು ಹೇಳಲಾಗದು. ಸುತ್ತು ಮುಗಿಯುವವರೆಗೂ ಅಲ್ಲೇ ಕೂತಿರಿ. ನಾನೂ ಅಲ್ಲೇ ಇರುತ್ತೇನೆ, ಅವಳ ಮೇಲೆ ಬಗ್ಗಿ, ಕಿಟಕಿಗೆ ಬೆನ್ನು ಕೊಟ್ಟು.

ನಮ್ಮ ಬೀದಿಯವರಿಗೆಲ್ಲ ಈ ಪತ್ರವನ್ನು ಓದಿ ಹೇಳಿದ್ದೇನೆ. ಅವರು ಎಂದಿನಂತೆ ಮೈದಾನಕ್ಕೆ ಬರುತ್ತಾರೆ, ಗೆರೆಯ ಈಚೆ ಶಿಸ್ತಾಗಿ ನಿಲ್ಲುತ್ತಾರೆ. ಆದರೆ ಆ ದಿನ ಧ್ವನಿವರ್ಧಕದಲ್ಲಿ ಎಷ್ಟೇ ಇಂಪಾದ ದನಿ ಬಲಗಡೆ ನೋಡಿ ಎಂದರೂ ಅವರು ನೋಡುವುದಿಲ್ಲ. ಎಲ್ಲರೂ ಎಡಗಡೆ ತಿರುಗಿ ನಿಂತಿರುತ್ತಾರೆ, ಬಿಳಿ ಕಟ್ಟಡದ ಕಡೆ. ಅಂದೊಬ್ಬ ಅಧಿಕಾರಿ ಗೊತ್ತಿರಲಿಲ್ಲ ಎಂದಿದ್ದರು, ಅದು ನಿಜವೂ ಆಗಿತ್ತು. ನೀವು ಹಾಗೆನ್ನುವಂತಿಲ್ಲ.

ಈಗ ಗೊತ್ತಾಯ್ತಲ್ಲಪ್ಪ.

ಇಂತಿ,
ಇಷ್ಟು ವರ್ಷ ನಿಮ್ಮ ಗುಡುಗಿನಿಂದ ಉಂಡು, ಈ ವರ್ಷ ತುತ್ತು ಗಂಟಲಲ್ಲಿ ಇಳಿಯದ
ಗಾಜಿನ ಅಂಗಡಿಯವನು,
ಮೂರನೆಯ ಕಿಟಕಿಯ ಕೆಳಗಿರುವವಳ ಅಪ್ಪ